ಪಾಠವೇ ಸಭಾಪಾಲಕರ ಹಳ್ಳಿಗೆ ಏಕೆ ಹೋಗಬೇಕು?

ಪ್ರಶ್ನೆ: ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳ ಸಭಾಪಾಲಕರ ತರಬೇತಿಗೆ ಕಾಣಿಕೆ ಕಳುಹಿಸುವ ಮಾತು ನಮ್ಮ ಸಭೆಯಲ್ಲಿ ನಡೆದಿದೆ. ನಾಲ್ಕು ಜನರನ್ನು ಒಳ್ಳೆಯ ಸೆಮಿನರಿಗೆ, ಅಂದರೆ ಪಾಲಕರನ್ನು ತಯಾರು ಮಾಡುವ ಕಾಲೇಜಿಗೆ, ಸೇರಿಸಿ ಓದಿಸಿದರೆ ಆಗದೇ? ಹಳ್ಳಿ ಹಳ್ಳಿಗೆ ಹೋಗಿ ಕಲಿಸುವ ಈ ಪದ್ಧತಿ ಏಕೆ?

ಉತ್ತರ: ನಾಲ್ಕು ಜನರನ್ನು ಓದಿಸಬಹುದು, ಓದಿಸಬೇಕು ಕೂಡ. ಆದರೆ ಅವರು ಓದು ಮುಗಿಸಿ ಬರುವ ಮೂರು ನಾಲ್ಕು ವರ್ಷ ಅವರ ಹೊಲ ಅಗೆಯುವವರು ಯಾರು? ಭಾನುವಾರ ಪ್ರಸಂಗ ಮಾಡುವವರು, ಸಾವಿನ ಮನೆಗೆ ಹೋಗುವವರು ಯಾರು? ನೀವು ವಿದ್ಯಾರ್ಥಿ ಎಂದು ಕರೆಯುತ್ತಿರುವ ವ್ಯಕ್ತಿ ಆಗಲೇ ಪಾಲಕ, ಆಗಲೇ ರೈತ, ಆಗಲೇ ಐದಾರು ಮಕ್ಕಳ ತಂದೆ. ಇಪ್ಪತ್ತರ ಹರೆಯದ ಹುಡುಗನನ್ನು ಹಾಸ್ಟೆಲಿಗೆ ಸೇರಿಸಿದ ಹಾಗೆ ಅವರನ್ನು ಸೇರಿಸಲು ಆಗುವುದಿಲ್ಲ.

ಮಲಾವಿಯ ಹತ್ತರಲ್ಲಿ ಎಂಟು ಜನ ಇಂದಿಗೂ ಹಳ್ಳಿಯಲ್ಲಿದ್ದಾರೆ. ನವೆಂಬರ್ ಹೊತ್ತಿಗೆ ಮಳೆ ಬೀಳುತ್ತದೆ, ಗುದ್ದಲಿ ಹಿಡಿದು ಮೆಕ್ಕೆಜೋಳ ಬಿತ್ತುತ್ತಾರೆ, ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಲು. ಅದರ ಹಿಟ್ಟಿನಿಂದ ಮಾಡುವ ನ್ಸೀಮಾ ನಮ್ಮ ಮುದ್ದೆಯ ದಾಯಾದಿ; ಅದಿಲ್ಲದಿದ್ದರೆ ಊಟ ಮಾಡಿದ ಲೆಕ್ಕವಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಎಷ್ಟೋ ಮನೆಗಳಲ್ಲಿ ಕಣಜ ಬರಿದಾಗಿರುತ್ತದೆ. ಪಾಲಕರ ಮನೆಯೂ ಇದಕ್ಕೆ ಹೊರತಲ್ಲ. ಇನ್ನೊಂದು ವಿಷಯ: ಅಲ್ಲಿನ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಸಭೆಗಳಲ್ಲಿ ದೀಕ್ಷೆ ಪಡೆದ ಒಬ್ಬ ಪಾಲಕರ ಕೈಕೆಳಗೆ ಹಲವು ಪ್ರಾರ್ಥನಾ ಮನೆಗಳಿರುತ್ತವೆ. ಅವರು ಒಂದೊಂದು ಕಡೆಗೆ ಹೋಗುವುದು ಯಾವಾಗಲೋ ಒಮ್ಮೆ. ಉಳಿದ ಭಾನುವಾರಗಳನ್ನು ನಡೆಸುವವರು ಸಭೆಯ ಹಿರಿಯರು; ಹೆಸರಿಗಲ್ಲದಿದ್ದರೂ ಕೆಲಸದಲ್ಲಿ ಅವರೂ ಪಾಲಕರೇ. ಹೀಗಾಗಿ ತರಬೇತಿ ಬೇಕಾಗಿರುವುದು ಸೆಮಿನರಿಯ ಬಾಗಿಲಿಗೆ ಎಂದೂ ಬರಲಾರದ ಜನರಿಗೆ.

ಈ ಸಮಸ್ಯೆಗೆ ದಾರಿ ಹುಡುಕಿದ್ದು ಆಫ್ರಿಕಾದಲ್ಲಲ್ಲ, ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ. 1960ರ ದಶಕದ ಆರಂಭದಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಸೆಮಿನರಿಯವರು ತಮ್ಮಲ್ಲಿ ಓದಿದವರೆಲ್ಲ ಎಲ್ಲಿದ್ದಾರೆಂದು ಲೆಕ್ಕ ಹಾಕಿದರು. ಪಾಲಕರಾಗಿ ಉಳಿದವರು ಬೆರಳೆಣಿಕೆಯಷ್ಟು. ಹಳ್ಳಿಯಿಂದ ಬಂದವರಿಗೆ ರಾಜಧಾನಿ ಹಿಡಿಸಿತ್ತು. ಹಳ್ಳಿಯಲ್ಲಿ ಆಗಲೇ ಸಭೆ ನಡೆಸುತ್ತಿದ್ದವರಿಗೆ ಮನೆ ಬಿಟ್ಟು ಬರಲು ಆಗಿರಲಿಲ್ಲ. ರಾಲ್ಫ್ ವಿಂಟರ್, ಜೇಮ್ಸ್ ಎಮರಿ, ರಾಸ್ ಕಿನ್ಸ್ಲರ್ ಎಂಬ ಮೂವರು ಸೇರಿ ಕ್ರಮವನ್ನೇ ತಿರುಗಿಸಿದರು. ಪುಸ್ತಕ ವಿದ್ಯಾರ್ಥಿಯ ಮನೆಗೆ, ಅಧ್ಯಾಪಕರು ವಾರಕ್ಕೊಮ್ಮೆ ಅವರ ಊರಿನ ಹತ್ತಿರಕ್ಕೆ. ವಿಸ್ತರಣಾ ದೈವಜ್ಞಾನ ಶಿಕ್ಷಣ ಎಂದು ಹೆಸರಾದ ಈ ಪದ್ಧತಿ 1970ರ ದಶಕದಲ್ಲಿ ಆಫ್ರಿಕಾದ ಹಲವು ದೇಶಗಳಿಗೆ ಹರಡಿತು. ದಕ್ಷಿಣ ಆಫ್ರಿಕಾದಲ್ಲಿ 1976ರಲ್ಲಿ ಇದಕ್ಕೆಂದೇ ಕಾಲೇಜು ಆರಂಭವಾಯಿತು. ಮಲಾವಿಗೂ ಅದೇ ದಶಕದಲ್ಲಿ ಬಂತು.

ನಡೆಯುವುದು ಹೀಗೆ. ಪಾಲಕರು ವಾರವಿಡೀ ಸಿಕ್ಕ ಹೊತ್ತಿನಲ್ಲಿ ಪಾಠವನ್ನು ಓದುತ್ತಾರೆ. ಪಾಠ ಸಣ್ಣ ಸಣ್ಣ ತುಂಡುಗಳಲ್ಲಿರುತ್ತದೆ, ಪ್ರತಿ ತುಂಡಿನ ಕೊನೆಗೆ ಒಂದು ಪ್ರಶ್ನೆ. ವಾರಕ್ಕೊಮ್ಮೆ ಹತ್ತಿರದ ಚರ್ಚಿನಲ್ಲೋ ಮರದ ನೆರಳಿನಲ್ಲೋ ಹತ್ತು ಹನ್ನೆರಡು ಜನ ಕೂಡುತ್ತಾರೆ. ಕೆಲವರು ನಡೆದು, ಕೆಲವರು ಅಲ್ಲಿ ಕಬಾಜಾ ಎನ್ನುವ ಬಾಡಿಗೆ ಸೈಕಲ್ಲಿನ ಹಿಂದೆ ಕುಳಿತು ಬರುತ್ತಾರೆ. ಅಲ್ಲಿ ಉಪನ್ಯಾಸವಿಲ್ಲ. ಓದಿದ್ದನ್ನೂ ಆ ವಾರ ಸಭೆಯಲ್ಲಿ ಎದುರಾದದ್ದನ್ನೂ ಪಕ್ಕಪಕ್ಕ ಇಟ್ಟು ಮಾತನಾಡುತ್ತಾರೆ. ಭಾನುವಾರ ಅದನ್ನೇ ಪ್ರಯೋಗಿಸಿ ನೋಡುತ್ತಾರೆ, ಮುಂದಿನ ವಾರ ಎಡವಿದ್ದೆಲ್ಲಿ ಎಂದು ಹೇಳಿಕೊಳ್ಳುತ್ತಾರೆ. ನಡುವೆ ಊರಿನಲ್ಲಿ ಮಲೀರೋ, ಅಂದರೆ ಸಾವು, ಆದರೆ ತರಗತಿ ಇಲ್ಲ. ಎಲ್ಲರೂ ಅಲ್ಲಿಗೇ ಹೋಗಬೇಕು. ಇದನ್ನು ಅಶಿಸ್ತು ಎಂದುಕೊಂಡ ವಿದೇಶಿ ಬೋಧಕರಿದ್ದರೆ ಅವರು ಮಲಾವಿಯನ್ನು ಇನ್ನೂ ನೋಡಿಲ್ಲ.

ನಿಜವಾದ ತೊಡಕು ದೂರದ್ದಲ್ಲ, ಭಾಷೆಯದು. ಮಲಾವಿಯಲ್ಲಿ ಹೆಚ್ಚಾಗಿ ಆಡುವ ಚಿಚೆವಾ ಭಾಷೆಯಲ್ಲಿ ಸತ್ಯವೇದ 1922ರಿಂದಲೂ ಇದೆ. ಆದರೆ ಅದನ್ನು ವಿವರಿಸುವ ಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿ. ಹಳ್ಳಿಯ ಹಿರಿಯರ ಇಂಗ್ಲಿಷ್ ಶಾಲೆಯ ಕೆಲವು ತರಗತಿಗಳಿಗೇ ನಿಂತಿರುತ್ತದೆ. ನಮಗೆ ಇದು ಹೊಸದೇನಲ್ಲ. ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾಕ್ಕೂ 1834ರಲ್ಲಿ ಮಂಗಳೂರಿಗೂ ಜನರನ್ನು ಕಳುಹಿಸಿತು. ಘಾನಾದಲ್ಲಿ ಆ ಮಿಷನ್ನಿನ ಕ್ರಿಸ್ಟಾಲರ್ ಅಲ್ಲಿನ ಟ್ವಿ ಭಾಷೆಯ ನಿಘಂಟನ್ನು 1881ರಲ್ಲಿ ಹೊರತಂದರೆ, ಇಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಆ ಮಿಷನ್ನಿನ ಬೇರೆ ವಿಷಯಗಳ ಬಗ್ಗೆ ತಕರಾರು ಇರಬಹುದು, ಊರಿನ ಮಾತು ಕಲಿಯದೆ ಬೋಧಕರನ್ನು ತಯಾರು ಮಾಡಲಾಗದು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. ಚಿಚೆವಾದಲ್ಲಿ ಪಾಲಕರಿಗೆ ಇರುವ ಪದ ಮ್ಬುಸಾ. ಕುರುಬನಿಗೂ ಅದೇ ಪದ. ಗೌರವ ಕೊಡುವಾಗ ನಮ್ಮ ಹಾಗೆಯೇ ಬಹುವಚನ ಬಳಸಿ ಅಬುಸಾ ಎನ್ನುತ್ತಾರೆ. ಸಭಾಪಾಲಕರು ಎನ್ನುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಪದಗಳನ್ನು ಅನುವಾದಿಸಿದರೂ ಮುಗಿಯುವುದಿಲ್ಲ. ಮದುವೆಯ ಪಾಠವನ್ನೇ ತೆಗೆದುಕೊಳ್ಳಿ. ಹೊರಗಿನಿಂದ ಬಂದ ಪುಸ್ತಕ, ಜಗಳವಾಡಿದ ಗಂಡ ಹೆಂಡತಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತನಾಡಿಸಿ ಎನ್ನುತ್ತದೆ. ಚಿಚೆವಾ ಆಡುವ ಚೆವಾ ಜನರದು ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ; ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ಇರುವುದು ಹಳೆಯ ವಾಡಿಕೆ. ಎರಡೂ ಕಡೆಯಿಂದ ಮದುವೆಗೆ ಹೊಣೆ ನಿಲ್ಲುವವರು ಅಂಖೋಸ್ವೆ, ಹೆಚ್ಚಾಗಿ ಸೋದರಮಾವಂದಿರು. ಅವರನ್ನು ಬಿಟ್ಟು ಪಾಲಕರೊಬ್ಬರೇ ಸಂಧಾನಕ್ಕೆ ಕುಳಿತರೆ ಊರು ಒಪ್ಪುವುದಿಲ್ಲ. ಅಳಿಯಸಂತಾನದ ಮನೆತನಗಳನ್ನು ಕಂಡ ತುಳುನಾಡಿನ ಓದುಗರಿಗೆ ಇದು ಥಟ್ಟನೆ ಹೊಳೆಯುತ್ತದೆ, ಬೇರೆ ದೇಶದಲ್ಲಿ ಕುಳಿತು ಪಠ್ಯ ಬರೆದವರಿಗೆ ಹೊಳೆಯುವುದಿಲ್ಲ. ಮಾಟದ ಆರೋಪ ಹೊತ್ತ ಮುದುಕಿಯನ್ನು ಕಾಪಾಡುವುದು ಹೇಗೆ, ದೇಹದ ಭಾಗಗಳಿಗಾಗಿ ಬಿಳಿಚರ್ಮದ ಅಲ್ಬಿನೋ ಜನರ ಮೇಲೆ ದಾಳಿಯಾಗುವಾಗ ಪಾಲಕರು ಪೀಠದಿಂದ ಏನು ಹೇಳಬೇಕು ಎಂಬ ಪ್ರಶ್ನೆಗಳೂ ಹೀಗೆಯೇ. ಇವುಗಳಿಗೆ ಉತ್ತರ ಆ ಮರದ ಕೆಳಗಿನ ಗುಂಪಿನಲ್ಲೇ ಹುಟ್ಟಬೇಕು.

ತರಬೇತಿ ಇಲ್ಲದಿದ್ದರೆ ಏನಾಗುತ್ತದೆ ಎಂಬ ಭಯ ಸುಳ್ಳಲ್ಲ. 2023ರಲ್ಲಿ ಕೆನ್ಯಾದ ಶಕಹೋಲಾ ಕಾಡಿನಲ್ಲಿ, ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣಬಹುದೆಂಬ ಬೋಧನೆಯನ್ನು ನಂಬಿದವರ 400ಕ್ಕೂ ಹೆಚ್ಚು ಶವಗಳು ಸಿಕ್ಕವು. ಅದಕ್ಕೂ ಮೊದಲೇ, 2018ರಲ್ಲಿ, ರುವಾಂಡಾ ಸರ್ಕಾರ ಸಾವಿರಾರು ಚರ್ಚುಗಳನ್ನು ಮುಚ್ಚಿಸಿ, ಮುಖ್ಯಸ್ಥರಿಗೆ ದೈವಜ್ಞಾನದ ಪದವಿ ಬೇಕೆಂದು ಕಾನೂನು ಮಾಡಿ ಐದು ವರ್ಷ ಗಡುವು ಕೊಟ್ಟಿತು. ಉದ್ದೇಶ ಅರ್ಥವಾಗುತ್ತದೆ. ಆದರೆ ಪದವಿ ಜನರನ್ನು ಮೋಸದಿಂದ ಕಾಯುತ್ತದೆಂದು ನಾನು ನಂಬಲಾರೆ. ವಾರವಾರ ಹತ್ತು ಜನ ಸಹಪಾಲಕರ ಎದುರು ಕುಳಿತು ತನ್ನ ಪ್ರಸಂಗಕ್ಕೆ ಲೆಕ್ಕ ಒಪ್ಪಿಸುವವರು ದಾರಿ ತಪ್ಪುವುದು ಅಷ್ಟು ಸುಲಭವಲ್ಲ.

ಇನ್ನು ನಿಮ್ಮ ಕಾಣಿಕೆಯ ವಿಚಾರ. ಮೂರು ದಿನದ ಶಿಬಿರ, ಬ್ಯಾನರ್, ಪ್ರಮಾಣಪತ್ರ, ಫೋಟೊ: ಇದಕ್ಕಾದರೆ ಕೊಡಬೇಡಿ ಎಂದೇ ಹೇಳುತ್ತೇನೆ. ಬರುವವರಿಗೆಲ್ಲ ದಿನಭತ್ಯೆ ಕೊಡುವ ಅಭ್ಯಾಸ ಮಲಾವಿಯಲ್ಲಿ ಬೇರೂರಿದೆ. ಭತ್ಯೆ ನಿಂತ ದಿನ ತರಗತಿಯೂ ನಿಲ್ಲುತ್ತದೆ. ಪುಸ್ತಕವನ್ನು ಚಿಚೆವಾಕ್ಕೆ ತರುವ ಖರ್ಚು, ಅಚ್ಚಿನ ಖರ್ಚು, ಗುಂಪು ನಡೆಸುವ ಸ್ಥಳೀಯ ಬೋಧಕರಿಗೆ ಒಂದು ಸೈಕಲ್, ಇವಕ್ಕೆ ಕೊಡಿ. ಪುಸ್ತಕದ ಬೆಲೆಯಲ್ಲಿ ಒಂದಿಷ್ಟನ್ನು ಕಲಿಯುವವರೇ ಕೊಡಲಿ, ಬೆಳೆ ಬಂದ ಮೇಲೆ ಕೊಟ್ಟರೂ ಆದೀತು. ಹಣ ಕಳುಹಿಸುವ ಮುನ್ನ ಅವರ ವೇಳಾಪಟ್ಟಿಯನ್ನೊಮ್ಮೆ ತರಿಸಿ ನೋಡಿ. ಡಿಸೆಂಬರ್ ತಿಂಗಳಲ್ಲಿ, ಬಿತ್ತನೆಯ ನಡುವೆ, ತರಗತಿ ಇಟ್ಟಿದ್ದರೆ ಅದನ್ನು ಬರೆದವರು ಆ ಹಳ್ಳಿಯವರಲ್ಲ.