ವಿಷ್ನೆವ್‌ಸ್ಕಯಾ ಹಾಡಿದ ಆ ಡಿಸ್ಕ್ ಲೈವ್ ಅಲ್ಲ

ಪ್ರಶ್ನೆ: ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅವರ ‘ವಾರ್ ರಿಕ್ವಿಯಮ್’ (ಯುದ್ಧದಲ್ಲಿ ಸತ್ತವರಿಗಾಗಿ ಬರೆದ ಗಾಯನ ಕೃತಿ) ಮೊದಲ ಪ್ರದರ್ಶನದ ಲೈವ್ ರೆಕಾರ್ಡಿಂಗ್ ಕೇಳಬೇಕು. ವಿಷ್ನೆವ್‌ಸ್ಕಯಾ ಹಾಡಿರುವ ಡೆಕ್ಕಾ ಕಂಪನಿಯ ಡಿಸ್ಕೇ ಅದು, ಅಲ್ವಾ?

ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲ ಪ್ರದರ್ಶನ ನಡೆದದ್ದು 1962ರ ಮೇ 30ರಂದು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಅಲ್ಲಿನ ಹಳೆಯ ಕ್ಯಾಥೆಡ್ರಲ್ (ದೊಡ್ಡ ಚರ್ಚು) 1940ರ ನವೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಸುಟ್ಟುಹೋಗಿತ್ತು. ಹೊಸದು ಎದ್ದು ನಿಂತಾಗ ಆ ಸಂದರ್ಭಕ್ಕೆಂದೇ ಬ್ರಿಟನ್ ಅವರಿಂದ ಈ ಕೃತಿ ಬರೆಸಿದರು. ಇಂಗ್ಲೆಂಡಿನ ಪೀಟರ್ ಪಿಯರ್ಸ್, ಜರ್ಮನಿಯ ಫಿಶರ್-ಡೀಸ್ಕಾವ್, ರಷ್ಯಾದ ಗಲೀನಾ ವಿಷ್ನೆವ್‌ಸ್ಕಯಾ ಈ ಮೂವರೂ ಸೇರಿ ಹಾಡಬೇಕು ಎಂಬುದು ಬ್ರಿಟನ್ ಅವರ ಆಸೆ. ಆದರೆ ಸೋವಿಯತ್ ಸರ್ಕಾರ ವಿಷ್ನೆವ್‌ಸ್ಕಯಾ ಅವರನ್ನು ಕಳಿಸಲಿಲ್ಲ. ಅವರ ಬದಲು ಹಾಡಿದವರು ಹೆದರ್ ಹಾರ್ಪರ್. ಕಲಿಯಲು ಸಿಕ್ಕಿದ್ದು ಬರೀ 10 ದಿನ. ಅಷ್ಟರಲ್ಲಿ ಇಂಥ ಕಷ್ಟದ ಭಾಗವನ್ನು ಸಿದ್ಧ ಮಾಡಿಕೊಂಡು ನಿಂತವರ ಹೆಸರನ್ನೇ ಜನ ಮರೆತಿದ್ದಾರೆ. ನನಗೆ ಬೇಜಾರಾಗುವುದು ಇದಕ್ಕೇ.

ಡೆಕ್ಕಾ ರೆಕಾರ್ಡಿಂಗ್ ಆದದ್ದು 1963ರ ಜನವರಿಯಲ್ಲಿ, ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ. ಎದುರಿಗೆ ಪ್ರೇಕ್ಷಕರಿಲ್ಲ. ಅಷ್ಟು ಹೊತ್ತಿಗೆ ವಿಷ್ನೆವ್‌ಸ್ಕಯಾ ಅವರಿಗೆ ಅನುಮತಿ ಸಿಕ್ಕಿತ್ತು. ಅಲ್ಲಿ ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಕವೆಂಟ್ರಿಯಲ್ಲಿ ನುಡಿಸಿದ್ದು ಬರ್ಮಿಂಗ್‌ಹ್ಯಾಮ್ ನಗರದ ಆರ್ಕೆಸ್ಟ್ರಾ. ಕೋರಸ್ ಕೂಡ ಬೇರೆ. ಒಂಟಿಯಾಗಿ ಹಾಡಿದವರಲ್ಲಿ ಗಂಡಸರಿಬ್ಬರು ಮಾತ್ರ ಅವರೇ. ಬಂದ ಐದೇ ತಿಂಗಳಲ್ಲಿ ಈ ರೆಕಾರ್ಡ್ ಎರಡು ಲಕ್ಷ ಪ್ರತಿ ಮಾರಾಟವಾಯಿತು. ಜನ ಕೇಳಿದ್ದು ಇದನ್ನೇ, ಆದ್ದರಿಂದ ಮೊದಲ ರಾತ್ರಿಯೂ ಇದೇ ಅಂದುಕೊಂಡರು.

ಹಾಗಾದರೆ ಮೊದಲ ರಾತ್ರಿಯ ದನಿ ಎಲ್ಲಿದೆ? ಅವತ್ತಿನ ಕಾರ್ಯಕ್ರಮವನ್ನು ಬಿಬಿಸಿ ರೇಡಿಯೋ ನೇರಪ್ರಸಾರ ಮಾಡಿತ್ತು. ಅದನ್ನು ಟೆಸ್ಟಮೆಂಟ್ ಕಂಪನಿ ಸಿಡಿಯಾಗಿ ತಂದದ್ದು 2013ರಲ್ಲಿ. ಹುಡುಕುವಾಗ ಹೆದರ್ ಹಾರ್ಪರ್ ಹೆಸರು ನೋಡಿ, ಸಾಕು.

ಇದಕ್ಕೂ ಒಂದು ತಕರಾರು ಬರುತ್ತದೆ: ‘ಕೊನೆಯಲ್ಲಿ ಚಪ್ಪಾಳೆಯೇ ಇಲ್ಲ, ಇದೆಂಥ ಲೈವ್?’ ಚಪ್ಪಾಳೆ ಬೇಡ ಎಂದು ಕೇಳಿಕೊಂಡವರು ಬ್ರಿಟನ್ ಅವರೇ. ಸತ್ತವರಿಗಾಗಿ ಬರೆದ ಸಂಗೀತ ಅದು. ಜನ ಸುಮ್ಮನೆ ಎದ್ದು ಹೋದರು. ಚಪ್ಪಾಳೆ ಕೇಳಿಸಿದರೆ ಲೈವ್, ಇಲ್ಲದಿದ್ದರೆ ಸ್ಟುಡಿಯೋ ಎಂಬ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ.

ಕವೆಂಟ್ರಿ ಸಿಡಿಯಲ್ಲಿ ಇಬ್ಬರು ಕಂಡಕ್ಟರುಗಳ, ಅಂದರೆ ವಾದ್ಯಗಾರರನ್ನೂ ಹಾಡುಗಾರರನ್ನೂ ಎದುರು ನಿಂತು ನಡೆಸುವವರ, ಹೆಸರಿದೆ. ಯಾಕೆ ಎಂದು ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು. ಈ ಕೃತಿಯಲ್ಲಿ ಮೂರು ಗುಂಪುಗಳಿವೆ. ದೊಡ್ಡ ಆರ್ಕೆಸ್ಟ್ರಾ, ಕೋರಸ್ ಮತ್ತು ಸೊಪ್ರಾನೊ (ಏರುದನಿಯ ಗಾಯಕಿ; ಇಲ್ಲಿ ಹಾರ್ಪರ್ ಅಥವಾ ವಿಷ್ನೆವ್‌ಸ್ಕಯಾ) ಸೇರಿ ಲ್ಯಾಟಿನ್ ಪ್ರಾರ್ಥನೆ ಹಾಡುತ್ತಾರೆ. ಗಂಡಸರಿಬ್ಬರು ಒಂದು ಸಣ್ಣ ವಾದ್ಯಗುಂಪಿನ ಜೊತೆ ವಿಲ್ಫ್ರೆಡ್ ಓವನ್ ಕವನಗಳನ್ನು ಹಾಡುತ್ತಾರೆ. ಓವನ್ ಸೈನಿಕ, ಮೊದಲ ಮಹಾಯುದ್ಧ ಮುಗಿಯಲು ಒಂದು ವಾರ ಇರುವಾಗ ಸತ್ತವನು. ಹುಡುಗರ ಕೋರಸ್ ಆರ್ಗನ್ ಜೊತೆ ದೂರದಿಂದ ಕೇಳಿಸಬೇಕು. ಕವೆಂಟ್ರಿಯಲ್ಲಿ ದೊಡ್ಡ ಗುಂಪನ್ನು ಮೆರೆಡಿತ್ ಡೇವಿಸ್ ನಡೆಸಿದರು, ಸಣ್ಣದನ್ನು ಬ್ರಿಟನ್. ಡೆಕ್ಕಾದಲ್ಲಿ ಎಲ್ಲವನ್ನೂ ಬ್ರಿಟನ್ ಒಬ್ಬರೇ ನಡೆಸಿದರು.

ಹಾಡುವವರನ್ನು ಹೀಗೆ ಗುಂಪುಗಳಾಗಿ ಹಂಚಿದ್ದು ವಿಷ್ನೆವ್‌ಸ್ಕಯಾ ಅವರಿಗೆ ಹಿಡಿಸಿರಲಿಲ್ಲ. ಗಂಡಸರಿಬ್ಬರು ಮುಂದೆ, ತಾನು ಮಾತ್ರ ಕೋರಸ್ ಹತ್ತಿರ ಯಾಕೆ ಎಂದು ರೆಕಾರ್ಡಿಂಗ್ ವೇಳೆ ದೊಡ್ಡ ಜಗಳವನ್ನೇ ಮಾಡಿದರು. ಜಾಗ ಬದಲಾಗಲಿಲ್ಲ, ಬದಲಾಗಬೇಕಾಗಿಯೂ ಇರಲಿಲ್ಲ. ಡೆಕ್ಕಾ ಡಿಸ್ಕ್ ಕೇಳುವಾಗ ಸೊಪ್ರಾನೊ ದನಿ ಗಂಡಸರ ದನಿಯಷ್ಟು ಹತ್ತಿರದಿಂದ ಬಾರದಿದ್ದರೆ, ಮೈಕ್ ಸರಿ ಇಲ್ಲ ಎಂದು ನನಗೆ ಬರೆಯಬೇಡಿ. ಅವರು ನಿಂತಿದ್ದೇ ಅಲ್ಲಿ.