ಪಟ್ಟಿಯಲ್ಲಿ ಇಲ್ಲದ ಕಾಯಿಲೆ: ಕೆಲಸದಿಂದ ಬರುವ ಹೊಸ ರೋಗ ಗುರುತಿಸುವುದು ಹೇಗೆ?

ನಮ್ಮ ಚಿಗವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ವರ್ಷಗಟ್ಟಲೆ ಕೆಮ್ಮು. ಕೇಳಿದರೆ, "ಘಾಟಿಗೆ ಬರತೈತಿ ತಗೋ, ಅಲ್ಲಿ ಎಲ್ಲಾರಿಗೂ ಐತಿ" ಅನ್ನುತ್ತಾಳೆ. ವೈದ್ಯಕೀಯದಲ್ಲಿ ಕೆಲಸದಿಂದ ಬರುವ ರೋಗಗಳ ಪಾಠ ಓದುವಾಗ ಆ "ಎಲ್ಲಾರಿಗೂ ಐತಿ" ನನಗೆ ಮತ್ತೆ ಮತ್ತೆ ನೆನಪಾಯಿತು. ಒಂದೇ ಕೆಲಸ ಮಾಡುವ ಹತ್ತು ಮಂದಿಗೆ ಒಂದೇ ತೊಂದರೆ ಇದ್ದರೆ, ಮೊದಲು ಕೆಲಸದ ಜಾಗ ನೋಡಬೇಕು ಅಲ್ವಾ?

ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1700ರಲ್ಲೇ ಹೇಳಿದ್ದ: ರೋಗಿಯನ್ನು "ಏನು ಕೆಲಸ ಮಾಡ್ತೀರಿ?" ಅಂತ ಕೇಳಿ. ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: "ರಜೆ ಇದ್ದಾಗ ಹೇಗಿರುತ್ತದೆ?"

ಗದಗ, ಹುಬ್ಬಳ್ಳಿ ಕಡೆ ಹತ್ತಿ ಎಲ್ಲರಿಗೂ ಗೊತ್ತು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್‌ನಲ್ಲಿ, ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ. ವಾರ ಸಾಗಿದಂತೆ ಕಡಿಮೆಯಾಗುತ್ತದೆ. ರೋಗ ಬಲಿತರೆ ದಿನಾಲೂ ಇರುತ್ತದೆ. ಕೆಲಸದಿಂದ ಬರುವ ಅಸ್ತಮಾ ಸಾಮಾನ್ಯವಾಗಿ ಉಲ್ಟಾ: ವಾರ ಸಾಗಿದಂತೆ ಜಾಸ್ತಿ, ರಜೆಯಲ್ಲಿ ಆರಾಮ. ಬರೀ "ಉಸಿರಾಟದ ತೊಂದರೆ" ಎಂದು ಬರೆದರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ.

ಹೊಸ ರೋಗ ಸಿಕ್ಕಿದ್ದಕ್ಕೆ ಒಳ್ಳೆಯ ಉದಾಹರಣೆ 2000ದಲ್ಲಿ ಅಮೆರಿಕದ ಮಿಸೌರಿಯದು. ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಮಂದಿಗೆ ಅಪರೂಪದ ಶ್ವಾಸಕೋಶದ ರೋಗ ಬಂದಿತ್ತು. ಒಬ್ಬೊಬ್ಬರನ್ನೇ ನೋಡಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಒಟ್ಟಿಗೆ ನೋಡಿದಾಗ ಬೆಣ್ಣೆ ವಾಸನೆ ಕೊಡುವ ಡಯಾಸಿಟೈಲ್ ಮೇಲೆ ಅನುಮಾನ ಬಂತು. ಅದು ತಿನ್ನುವ ಪದಾರ್ಥದಲ್ಲಿ ಹಾಕುವ ವಸ್ತು. ತೊಂದರೆ ಇದ್ದದ್ದು ಅದರ ಆವಿಯಲ್ಲಿ. ಆವಿಯನ್ನು ಜಾಸ್ತಿ ಉಸಿರಾಡಿದವರ ಶ್ವಾಸಕೋಶ ಜಾಸ್ತಿ ಕೆಟ್ಟಿತ್ತು. ಈ ಏರಿಕೆ ದೊಡ್ಡ ಸಾಕ್ಷಿ.

ಈಗ ಚಿಗವ್ವನ ಕೆಮ್ಮಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾದರೆ ಕಾರಣ ಖಾರದ ಕ್ಯಾಪ್ಸೈಸಿನ್ ಒಂದೇನಾ? ಧೂಳಾ? ಕಾಯಿಗೆ ಹಿಡಿದ ಬೂಷ್ಟಾ? ಒಲೆಯ ಹೊಗೆಯೂ ಸೇರಿದೆಯಾ? ಒಂದೊಂದನ್ನೇ ಬೇರೆ ಮಾಡಿ ನೋಡಬೇಕು. "ಘಾಟು" ಅಂತ ಸುಮ್ನೆ ಬಿಟ್ಟರೆ ಗೊತ್ತಾಗುವುದಿಲ್ಲ.

ಕೆಲಸಕ್ಕೂ ರೋಗಕ್ಕೂ ಇರುವ ನಂಟಿನ ವಿಂಗಡಣೆ ಹೀಗೆ: ಕೆಲಸವೇ ಕಾರಣವಾದದ್ದು, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ನಂತೆ. ಕೆಲಸ ಹಲವು ಕಾರಣಗಳಲ್ಲಿ ಒಂದಾದದ್ದು, ಸೊಂಟನೋವಿನಂತೆ. ಮೊದಲೇ ಇದ್ದದ್ದನ್ನು ಕೆಲಸ ಕೆರಳಿಸಿದ್ದು, ಹಳೆಯ ಅಸ್ತಮಾದಂತೆ. ಪರೀಕ್ಷೆಗೆ ಇಷ್ಟು ಸಾಕು.

ಪಟ್ಟಿಯ ವಿಷಯ ಮಾತ್ರ ಗಮನವಿಟ್ಟು ಓದಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕೆಲಸದ ಕಾಯಿಲೆಗಳ ಪಟ್ಟಿಯಲ್ಲಿ, 29 ಕಾಯಿಲೆಗಳಿದ್ದವು. ಬಿಸಿನೋಸಿಸ್ ಇತ್ತು, ಮೆಣಸಿನಕಾಯಿ ಕೆಮ್ಮು ಇರಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿ ಮಾನಸಿಕ ಕಾಯಿಲೆಗಳನ್ನೂ ಸೇರಿಸಿತು. ಜೊತೆಗೆ, ಪಟ್ಟಿಯಲ್ಲಿ ಹೆಸರಿಲ್ಲದ ರೋಗಕ್ಕೂ ಕೆಲಸಕ್ಕೂ ನೇರ ಸಂಬಂಧ ತೋರಿಸಿದರೆ ಒಪ್ಪಲು ಜಾಗ ಇಟ್ಟಿದೆ. ಆ ಸಂಬಂಧ ತೋರಿಸಲು ಬೇಕಾದದ್ದು ನಾವು ಕೇಸ್ ಶೀಟಿನಲ್ಲಿ ಬರೆಯುವ ವಿವರ: ಯಾವ ಕೆಲಸ, ಎಷ್ಟು ವರ್ಷ, ಜೊತೆಯವರಲ್ಲಿ ಇನ್ನೆಷ್ಟು ಮಂದಿಗೆ ಇದೆ. "ಕೂಲಿ" ಅಂತಷ್ಟೇ ಬರೆಯಬೇಡಿ.