ಆಕ್ಸೆಸ್‌ನಲ್ಲಿ ಸಿಗುತ್ತೆ, ವೆಬ್ ಪುಟದಲ್ಲಿ ಸಿಗಲ್ಲ

ಒಂದು ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. ಪುಸ್ತಕಗಳ ಪಟ್ಟಿ ಹಳೆಯ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಫೈಲಿನಲ್ಲಿತ್ತು, ಅದರ ಮೇಲೊಂದು ವೆಬ್ ಪುಟ. ಅಲ್ಲಿನ ಹುಡುಗ ಆಕ್ಸೆಸ್ ಒಳಗೆ ಕ್ವೆರಿ (ಹುಡುಕುವ ಆಜ್ಞೆ) ಓಡಿಸಿ ತೋರಿಸಿದ, ಸಾಲು ಸಾಲು ಪುಸ್ತಕ ಬಂತು. ಅದೇ ಕ್ವೆರಿ ಪುಟದಿಂದ ಹೋದರೆ ಸೊನ್ನೆ. ಎರರ್ ಕೂಡ ಇಲ್ಲ. ಎರರ್ ಬಂದಿದ್ದರೆ ಎಷ್ಟೋ ವಾಸಿ, ಅಲ್ವಾ?

ಕ್ವೆರಿಯಲ್ಲಿ * ಇತ್ತು. ಆಕ್ಸೆಸ್‌ನ ಸ್ವಂತ ವಿಂಡೋದಲ್ಲಿ, ಸೆಟ್ಟಿಂಗ್ ಮುಟ್ಟದಿದ್ದರೆ, * ಅಂದರೆ ಎಷ್ಟು ಅಕ್ಷರವಾದರೂ ಸರಿ, ? ಅಂದರೆ ಒಂದೇ ಒಂದು. ಆದರೆ ಪುಟದಿಂದ ಓಎಲ್‌ಇ ಡಿಬಿ (ಬೇರೆ ಪ್ರೋಗ್ರಾಂಗಳು ಡೇಟಾಬೇಸ್ ತಲುಪುವ ದಾರಿ) ಮೂಲಕ ಹೋದಾಗ ಅದೇ ಫೈಲಿಗೆ % ಮತ್ತು _ ಬೇಕು. ಆಗ * ಬರೀ ನಕ್ಷತ್ರ. ಹೆಸರಿನಲ್ಲೇ ನಕ್ಷತ್ರ ಇರುವ ಪುಸ್ತಕ ಹುಡುಕಿ, ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳುತ್ತಿತ್ತು, ಪಾಪ.

% ಹಾಕಿದ. ಆಗಲೂ ಸೊನ್ನೆ. ನೋಡಿದರೆ '%?%' ಅಂತ ಕೋಟ್ ಒಳಗೆ ಬರೆದಿದ್ದಾನೆ. ಪುಟದಿಂದ ಹೋಗುವ ಕ್ವೆರಿಯಲ್ಲಿ ? ಅಂದರೆ ಹುಡುಕುವ ಪದ ಬಂದು ಕೂರುವ ಜಾಗ. ಆದರೆ ಕೋಟ್ ಒಳಗೆ ಹೋದ ? ಬರೀ ಪ್ರಶ್ನಾರ್ಥಕ ಚಿಹ್ನೆ, ಅದರ ಜಾಗಕ್ಕೆ ಏನೂ ಬಂದು ಕೂರುವುದಿಲ್ಲ. ಕ್ವೆರಿಯಲ್ಲಿ ಬರೀ ? ಇಟ್ಟು, % ಅನ್ನು ಹುಡುಕುವ ಪದಕ್ಕೇ ಅಂಟಿಸಿ ಕಳಿಸಬೇಕು. ಇದು ಬೇಸರ ಅಂತ ಪದವನ್ನು ನೇರ ಕ್ವೆರಿಗೇ ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ, ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಬಾಕ್ಸಿನಲ್ಲಿ ಬರೆದದ್ದೇ ಆಜ್ಞೆಯಾಗಿ ಓಡುವ ದಾಳಿ) ಬಾಗಿಲು ತೆರೆದಿಟ್ಟ ಹಾಗೆ.

ಇಂಗ್ಲಿಷ್ ಹೆಸರುಗಳೆಲ್ಲ ಸಿಗತೊಡಗಿದವು. ಕನ್ನಡದವು ಕೆಲವು ಮಾತ್ರ. ಇಲ್ಲಿ ನಾನೂ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. 'ರಾಜ್' ಅಂತ ಹುಡುಕಿದರೆ ಇಲ್ಲ, ಟೇಬಲ್‌ನಲ್ಲಿ ಕಣ್ಣೆದುರಿಗೇ ಇದೆ. ಎರಡರ ಉದ್ದ ಅಳೆದೆ: ಟೇಬಲ್‌ನಲ್ಲಿದ್ದದ್ದು 4, ಹುಡುಕಾಟದ ಬಾಕ್ಸಿನಿಂದ ಬಂದದ್ದು 5. ರ, ಆಕಾರದ ಚಿಹ್ನೆ, ಜ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ (್), ಇಷ್ಟು ಸೇರಿ ನಾಲ್ಕು. ಐದನೆಯದು ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್. ಒತ್ತಕ್ಷರ ಆಗದಿರಲಿ ಅಂತ ಟೈಪ್ ಮಾಡುವಾಗ ಸೇರಿಕೊಂಡದ್ದು. ಕೊನೆಯಲ್ಲಿದ್ದರೆ ನೋಡಲು ಏನೂ ವ್ಯತ್ಯಾಸವಿಲ್ಲ, ಆದರೆ ಹೋಲಿಸುವಾಗ ಬೇರೆ ಪದ. ಅಂದ ಹಾಗೆ _ ಕೂಡ ಎಣಿಸುವುದು ಹೀಗೇ. ನಮಗೆ ಎರಡಕ್ಷರ ಕಾಣುವ 'ರಾಜ್'ಗೆ ನಾಲ್ಕು _ ಬೇಕು.

ಟೇಬಲ್‌ನಿಂದಲೇ ಅದನ್ನು ಅಳಿಸಿಬಿಡೋಣ ಅಂದ. ಬೇಡ ಅಂದೆ, 'ರಾಜ್‌ಕುಮಾರ್' ಹೋಗಿ 'ರಾಜ್ಕುಮಾರ್' ಆಗುತ್ತೆ. ಹುಡುಕಲೆಂದೇ ಇನ್ನೊಂದು ಕಾಲಂ ಮಾಡಿಸಿ, ಅದರಲ್ಲೂ ಬಾಕ್ಸಿನಿಂದ ಬರುವ ಪದದಲ್ಲೂ ಆ ನಾನ್ ಜಾಯ್ನರ್ ತೆಗೆಸಿದೆ. ತೋರಿಸುವುದು ಹಳೆಯ ಕಾಲಂ.

ಪದದ ಮುಂದೆ % ಇದ್ದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಮಾಮೂಲಿ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಪುಸ್ತಕ ಜಾಸ್ತಿಯಾದಂತೆ ನಿಧಾನವಾಗುತ್ತೆ. ಆ ಲೈಬ್ರರಿಯ ಅಳತೆಗೆ ಅದು ಚಿಂತೆಯಲ್ಲ. ಹೊರಡುವ ಮುಂಚೆ ಬಾಕ್ಸಿನಲ್ಲಿ ಸುಮ್ನೆ % ಒಂದನ್ನೇ ಒತ್ತಿ ನೋಡಿದೆ. ಇಡೀ ಲೈಬ್ರರಿ ಪರದೆ ಮೇಲೆ ಬಂತು. ಹುಡುಗ ಮತ್ತೆ ಕುರ್ಚಿ ಎಳೆದುಕೊಂಡ.